ಹುಣಸೆಬೀಜದ ಲೆಕ್ಕ

ಶ್ರೀರಾಮಪುರದ ಹಿಟ್ಟಿನ ಗಿರಣಿ ಕೊಳ್ಳುವ ಮುಂಚೆ
ಸೋದರತ್ತೆ ನಂಜಮ್ಮಣ್ಣಿ ಮೂರು ದಿನ
ಎದುರಿನ ಸೈಕಲ್ ಶಾಪಿನ ಮೆಟ್ಟಿಲ ಮೇಲೆ ಕೂತಿದ್ದಳು,
ಮಡಿಲಲ್ಲಿ ಹುಣಸೆಬೀಜ.
ಗಿರಾಕಿ ಒಳಗೆ ಹೋದರೆ ಒಂದು ಬೀಜ ಎಡದಿಂದ ಬಲಕ್ಕೆ.
ಎರಡನೇ ದಿನ ಸಂಜೆ ಗೊತ್ತಾಯಿತಂತೆ:
ಹಸಿರು ಗೆರೆಯ ಚೀಲದ ಹೆಂಗಸು ನಾಲ್ಕು ಸಲ ಬಂದಳು,
ನಾಲ್ಕು ಸಲವೂ ಚೀಲ ಅಷ್ಟೇ ಉಬ್ಬಿತ್ತು,
ಮತ್ತು ಅವಳು ಗಿರಣಿಯವನ ನಾದಿನಿ.
ಅತ್ತೆ ಆದರೂ ಕೊಂಡಳು. ಅರ್ಧ ಬೆಲೆಗೆ.
ನಾದಿನಿಗೆ ಕೆಲಸವನ್ನೂ ಕೊಟ್ಟಳು.

ನನಗೆ ಕೂರಲು ಮೆಟ್ಟಿಲಿಲ್ಲ, ಎದುರಿಗೆ ಬೀದಿಯಿಲ್ಲ.
ಮತ್ತಿಕೆರೆಯ ಜೆರಾಕ್ಸ್ ಅಂಗಡಿ, ಷಟರ್ ಅರ್ಧ ಇಳಿಸಿದೆ,
ಪರದೆಯ ಮೇಲೆ ಒಂದು ವೆಬ್‌ಸೈಟು ಮಾರಾಟಕ್ಕಿದೆ.
ಕುಕ್ಕರಿನ ಗ್ಯಾಸ್ಕೆಟ್ಟು, ವಿಸಲ್ಲು, ಸೇಫ್ಟಿ ವಾಲ್ವು,
ಯಾವ ಮಾಡೆಲ್ಲಿಗೆ ಯಾವ ಅಳತೆ, ಅಷ್ಟೇ ಅದರ ವಿದ್ಯೆ.
ತಿಂಗಳಿಗೆ ಹನ್ನೊಂದು ಸಾವಿರ ಬರುತ್ತದಂತೆ,
ಮೂವತ್ತು ತಿಂಗಳ ವರಮಾನ ಬೆಲೆಯಂತೆ.
ನಾನು ಚೀಟಿ ಎತ್ತಿದರೆ ಕೈಗೆ ಬರುವುದೂ
ಹೆಚ್ಚುಕಡಿಮೆ ಅಷ್ಟೇ.
ಈ ಹೊಂದಾಣಿಕೆಯೇ ನನ್ನ ಮೊದಲ ಅನುಮಾನ.

ಗ್ರಾಫು ತೆರೆದೆ. ನವೆಂಬರಿನಲ್ಲಿ ಗೆರೆ ಎದ್ದಿದೆ,
ರಾತ್ರೋರಾತ್ರಿ ಯಾರೋ ಹಾಕಿಹೋದ ರೋಡ್ ಹಂಪಿನ ಹಾಗೆ.
ಬೆಳಗಿನ ಜಾವ ಮೂರಕ್ಕೆ ನಾಲ್ಕು ಸಾವಿರ ಮಂದಿ ಬಂದರು,
ಒಬ್ಬರೂ ಎರಡು ಸೆಕೆಂಡು ನಿಲ್ಲಲಿಲ್ಲ.
ಆ ಹೊತ್ತಿನಲ್ಲಿ ಗ್ಯಾಸ್ಕೆಟ್ಟು ಹುಡುಕುವ ನಾಲ್ಕು ಸಾವಿರ ಹಸಿದವರು
ಯಾವ ಊರಿನಲ್ಲಿದ್ದಾರೆ?
ಚೀಲ ನೋಡೇ, ಚೀಲ,
ಅಂದಿರೋಳು ಅತ್ತೆ.

ಲಿಂಗರಾಜಪುರದ ಫ್ಲೈಓವರ್ ಹತ್ತಿರದ ದರ್ಶಿನಿಯಲ್ಲಿ
ನಿಂತೇ ಕಾಫಿ. ಅರುಳಪ್ಪನವರ ಉಗುರಿನ ಸಂದಿಯಲ್ಲಿ ರಬ್ಬರಿನ ಕಪ್ಪು.
‘ನವೆಂಬರು?’ ಎಂದೆ.
‘ನನ್ನ ಅಳಿಯ,’ ಎಂದರು. ‘ಮಾರೋ ಮುಂಚೆ
ಒಂದು ಕೋಟು ಸುಣ್ಣ ಹೊಡೀಬೇಕು ಮಾವ ಅಂದ.
ದುಡ್ಡು ಕೊಟ್ಟು ಜನ ತರಿಸಿದ. ಬಂದರು. ಹೋದರು.’
‘ಹನ್ನೊಂದು?’
‘ಏಳು. ಆಷಾಢದಲ್ಲಿ ಆರೂವರೆ.’
ಸುಳ್ಳನ್ನು ಇಷ್ಟು ಬೇಗ ಕೈಬಿಡುವ ಮನುಷ್ಯನ ಹತ್ತಿರ
ಚೌಕಾಸಿ ಮಾಡುವುದು ಹೇಗೆ?
ಅತ್ತೆ ಅದನ್ನು ಹೇಳಿಕೊಡಲಿಲ್ಲ.

‘ಯಾಕೆ ಮಾರ್ತೀರಿ?’
ಫೋನು ನನ್ನ ಕಡೆ ಸರಿಸಿದರು.
ಚಿಂತಾಮಣಿಯಿಂದ ಒಬ್ಬಾಕೆ, ಅಂಗೈ ಮೇಲೆ ಗ್ಯಾಸ್ಕೆಟ್ಟಿನ ತುಂಡು:
ಮದುವೆಗೆ ಕೊಟ್ಟಿದ್ದ ಕುಕ್ಕರು, ನಂಬರು ಅಳಿಸಿದೆ.
ತಿಪಟೂರಿನಿಂದ ಇನ್ನೊಬ್ಬ: ಸಾರ್, ವಿಸಲ್ಲು ಕೂಗಲ್ಲ, ಬಿಕ್ಕುತ್ತೆ.
ಪ್ರತಿಯೊಂದಕ್ಕೂ ಉತ್ತರ.
ಮುಚ್ಚಳದ ಅಂಚಿಗೆ ದಾರ ಸುತ್ತಿ, ಬಿಚ್ಚಿ,
ಸ್ಕೇಲಿನ ಮೇಲೆ ಎಳೆದು ನೋಡಿ ತಾಯಿ.
‘ಕಣ್ಣು,’ ಎಂದರು. ‘ಅಕ್ಷರ ಎರಡೆರಡು ಕಾಣುತ್ತೆ.’

ರಾತ್ರಿ ಯಾರದೋ ಕೆಟ್ಟುಹೋದ ಆಧಾರ್ ಪ್ರತಿಯ ಬೆನ್ನಿಗೆ ಲೆಕ್ಕ ಬರೆದೆ.
ಚಿತ್ರಗಳಲ್ಲಿ ಅರ್ಧ ಕಂಪನಿಯ ಪುಸ್ತಕದಿಂದ ಎತ್ತಿದ್ದು,
ನೋಟಿಸು ಬಂದರೆ ಇನ್ನು ನನ್ನ ವಿಳಾಸಕ್ಕೆ.
ಹುಡುಕುವ ಯಂತ್ರ ಒಂದು ದಿನ ಮುಖ ತಿರುಗಿಸಿದರೆ
ಅಂಗಡಿ ಇರುತ್ತದೆ, ಬೀದಿ ಇರುವುದಿಲ್ಲ.
ಏಳನ್ನು ಹದಿನೆಂಟರಿಂದ ಗುಣಿಸಿದೆ. ಇಪ್ಪತ್ತರಿಂದ. ಹೊಡೆದುಹಾಕಿದೆ.
ಬೀಜ ಇರಲಿಲ್ಲ, ಜೆಮ್ ಕ್ಲಿಪ್ಪು ಇಟ್ಟು ಎಣಿಸಿದೆ:
ಬಂದವರನ್ನಲ್ಲ, ಬರೆದವರನ್ನು.
ವರ್ಷಕ್ಕೆ ಇನ್ನೂರ ಹದಿನಾರು.
ಅವರು ಕೇಳಿದ್ದು ಸೈಟನ್ನೋ, ಅರುಳಪ್ಪನವರನ್ನೋ?
ಪಾಸ್‌ವರ್ಡಿನ ಜೊತೆ ಕೈಬದಲಾಗುವುದು ಯಾವುದು?

ಮನೆಗೆ ಬಂದು ನಮ್ಮ ಕುಕ್ಕರಿನ ಮುಚ್ಚಳ ತೆಗೆದೆ,
ಹೂವಿನ ದಾರ ಸುತ್ತಿ ಅಳೆದೆ.
ಅವರ ಪಟ್ಟಿಗಿಂತ ಎರಡು ಮಿಲಿಮೀಟರು ಹೆಚ್ಚು.
ತಪ್ಪು ಪಟ್ಟಿಯದೋ,
ಒಂಬತ್ತು ವರ್ಷ ತಾಗಿ ತಾಗಿ ಸೊಟ್ಟಗಾದ ಅಂಚಿನದೋ,
ಬೆಳಿಗ್ಗೆ ಫೋನು ಮಾಡಿ ಕೇಳಬೇಕು.
ಬೆಲೆ ಆಮೇಲೆ.